ನಮ್ಮ ನೀರಿಗೆ ಒಗ್ಗುವ ಮೀನು

ನಮ್ಮ ಹಾಲ್‌ನಲ್ಲಿ 200 ಲೀಟರಿನ ಒಂದು ಗಾಜಿನ ತೊಟ್ಟಿ ಇದೆ. ಮೊದಲು ಅದರಲ್ಲಿ ಉಪ್ಪುನೀರು, ಹವಳ, ಒಂದು ಜೋಡಿ ಕ್ಲೌನ್ ಮೀನು ಇದ್ದವು. ಈಗ ನಲ್ಲಿ ನೀರು, ಗಿಡ, ಬಾರ್ಬ್ ಮೀನುಗಳ ಒಂದು ಗುಂಪು ಇದೆ. ಮನೆಗೆ ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ಅಷ್ಟು ಚೆನ್ನಾಗಿತ್ತಲ್ಲ, ಯಾಕೆ ತೆಗೆದ್ರಿ?" ನೋಡಿಕೊಳ್ಳೋದು ಕಷ್ಟ ಆಗ್ತಿತ್ತು ಅಂತ ಹೇಳಿ ಮಾತು ಮುಗಿಸುತ್ತೇನೆ. ಅದು ನಿಜವೇ, ಆದರೆ ಅರ್ಧ ಮಾತ್ರ. ಉಳಿದರ್ಧ ಹೇಳಲು ಸ್ವಲ್ಪ ಜಾಗ ಬೇಕು.

ರೀಫ್ ತೊಟ್ಟಿ, ಅಂದರೆ ಉಪ್ಪುನೀರಿನಲ್ಲಿ ಹವಳ ಸಾಕುವ ತೊಟ್ಟಿ, ನನಗೆ ಇವತ್ತಿಗೂ ಪ್ರೀತಿ. ಸಂಜೆ ಬಿಳಿ ಬೆಳಕು ಇಳಿದು ಬರೀ ನೀಲಿ ಬೆಳಕು ಉಳಿಯುವ ಹೊತ್ತಿಗೆ ಹವಳಗಳು ಹೊಳೆಯಲು ಶುರುಮಾಡುತ್ತಿದ್ದವು. ಅವುಗಳ ಮೈಯಲ್ಲಿರುವ ಬಣ್ಣದ ಪ್ರೋಟೀನುಗಳು ನೀಲಿ ಬೆಳಕನ್ನು ಹೀರಿಕೊಂಡು ಹಸಿರು, ಕಿತ್ತಳೆ ಬೆಳಕನ್ನು ಹೊರಗೆ ಬಿಡುತ್ತವೆ. ಜೋಯಾಂಥಿಡ್ ಎಂಬ ಪುಟ್ಟ ಹವಳದ ಬಂಧುಗಳು ಬಂಡೆಯ ಮೇಲೆ ಒತ್ತೊತ್ತಾಗಿ ಅರಳಿರುತ್ತಿದ್ದವು. ಜೀನಿಯಾ ಹವಳ ತನ್ನ ಬೆರಳುಗಳನ್ನು ಮುಚ್ಚಿ ತೆರೆದು, ಮುಚ್ಚಿ ತೆರೆದು, ದಿನವಿಡೀ ಮಿಡಿಯುತ್ತಿತ್ತು. ಕ್ಲೀನರ್ ಸೀಗಡಿ ಬಂಡೆಯ ಅಂಚಿನಲ್ಲಿ ನಿಂತು ಮೀಸೆ ಆಡಿಸುತ್ತಿತ್ತು. ಮೀನುಗಳು ತಾವಾಗಿಯೇ ಅದರ ಮುಂದೆ ಬಂದು ನಿಂತು ಮೈ ಶುಚಿ ಮಾಡಿಸಿಕೊಳ್ಳುತ್ತಿದ್ದವು. ಕ್ಲೌನ್ ಮೀನಿನ ಜೋಡಿಯಲ್ಲಿ ದೊಡ್ಡದು ಹೆಣ್ಣು. ಹುಟ್ಟುವಾಗ ಇವೆಲ್ಲ ಗಂಡು. ಗುಂಪಿನ ಹೆಣ್ಣು ಸತ್ತರೆ ದೊಡ್ಡ ಗಂಡು ಹೆಣ್ಣಾಗಿ ಬದಲಾಗುತ್ತದೆ. ಇದನ್ನೆಲ್ಲ ಕೂತಲ್ಲೇ ನೋಡುವ ಭಾಗ್ಯ ಸಣ್ಣದಲ್ಲ.

ಒಂದು ಮಾತು ಇಲ್ಲೇ ಹೇಳಬೇಕು. ನನ್ನ ಬಳಿ ಇದ್ದದ್ದು ಮೆದು ಹವಳಗಳು ಮಾತ್ರ. ದಿಬ್ಬ ಕಟ್ಟುವ ಗಟ್ಟಿ ಹವಳ, ಕಪ್ಪು ಹವಳ, ಬೀಸಣಿಗೆಯಂಥ ಸೀ ಫ್ಯಾನ್ ಹವಳ ಇವೆಲ್ಲ 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಇರಲೇಬೇಕು. ಅಂಗಡಿಯಲ್ಲಿ ಯಾರೋ ಮಾರುತ್ತಾರೆ ಅನ್ನುವುದು ಕೊಳ್ಳಲು ಕಾರಣವಾಗಬಾರದು.

ಈಗ ಕೆಲಸದ ಮಾತಿಗೆ ಬರುತ್ತೇನೆ. ರೀಫ್ ಸಾಕುವವರು ಮುಖ್ಯವಾಗಿ ನೀರನ್ನು ಸಾಕುತ್ತಾರೆ. ಹವಳ ಬದುಕುವ ಕಡಲಿನಲ್ಲಿ ನೀರು ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, 25ರಿಂದ 29 ಡಿಗ್ರಿ ಬಿಸಿ, 420 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 420 ಪಾಲು) ಆಸುಪಾಸು ಕ್ಯಾಲ್ಸಿಯಂ, 1300 ಆಸುಪಾಸು ಮೆಗ್ನೀಸಿಯಂ, ಕ್ಷಾರೀಯತೆ (ಆಮ್ಲವನ್ನು ತಡೆಯುವ ಶಕ್ತಿ) ಸುಮಾರು 7 ಡಿಗ್ರಿ. ಫಾಸ್ಫೇಟ್ ಇದ್ದೂ ಇಲ್ಲದಂತಿರಬೇಕು. ಕಡಲು ಅಷ್ಟು ದೊಡ್ಡದಿರುವುದರಿಂದ ಈ ಲೆಕ್ಕ ಅಲ್ಲಿ ತಾನಾಗಿಯೇ ನಿಲ್ಲುತ್ತದೆ. 200 ಲೀಟರಿನಲ್ಲಿ ತಾನಾಗಿ ಏನೂ ನಿಲ್ಲುವುದಿಲ್ಲ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಎರಡು ದಿನ ಆವಿಯಾದಷ್ಟು ಸಿಹಿನೀರು ತುಂಬದಿದ್ದರೆ ಉಪ್ಪಿನ ಅಂಶ ಏರುತ್ತದೆ. ನೀರು ತಣಿಸುವ ಯಂತ್ರ, ಅಂದರೆ ಚಿಲ್ಲರ್, ಕೆಟ್ಟರೆ ಬಿಸಿ ಏರುತ್ತದೆ. ಕರೆಂಟ್ ಹೋಗಿ ಪಂಪ್ ನಿಂತರೆ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಇಳಿಯುತ್ತದೆ. ಅದಕ್ಕೇ ರೀಫ್ ಇರುವ ಮನೆಯವರು ಮೂರು ದಿನ ಊರಿಗೆ ಹೋಗಬೇಕೆಂದರೂ ಹತ್ತು ಸಲ ಯೋಚಿಸುತ್ತಾರೆ.

ನಲ್ಲಿ ನೀರನ್ನು ಇದಕ್ಕೆ ಹಾಗೇ ಹಾಕುವಂತಿಲ್ಲ. ಅದರಲ್ಲಿರುವ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಎಲ್ಲವೂ ಪಾಚಿಗೆ ಊಟ. ತಾಮ್ರ ಒಂದಿಷ್ಟಿದ್ದರೂ ಸೀಗಡಿ ಸಾಯುತ್ತದೆ. ಆದ್ದರಿಂದ ಮೊದಲು ಆರ್‌ಓ ಮಾಡಬೇಕು. ಆಮೇಲೆ ಉಳಿದ ಲವಣವನ್ನೂ ಹಿಡಿದಿಡುವ ಡಿಐ ರೆಸಿನ್ ಮೂಲಕ ಹಾಯಿಸಿ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ, ಸೊನ್ನೆಗೆ ತರಬೇಕು. ಆಮೇಲೆ ಅದಕ್ಕೆ ಪೊಟ್ಟಣದ ಸಮುದ್ರದ ಉಪ್ಪು ಕಲಸಿ, ಒಂದು ರಾತ್ರಿ ಪಂಪ್ ಓಡಿಸಿ, ಬಿಸಿ ಸರಿಮಾಡಿ ತೊಟ್ಟಿಗೆ ಬಿಡಬೇಕು. ವಾರಕ್ಕೆ 20 ಲೀಟರ್ ಬದಲಿಸಿದರೆ 700 ಗ್ರಾಂ ಉಪ್ಪು. ಬೇಸಿಗೆಯಲ್ಲಿ ಆವಿಯಾದದ್ದನ್ನು ತುಂಬಲು ಇನ್ನೊಂದು 20 ಲೀಟರ್. ಆರ್‌ಓ ಯಂತ್ರ ಒಂದು ಲೀಟರ್ ಒಳ್ಳೆಯ ನೀರಿಗೆ ಸುಮಾರು ಮೂರು ಲೀಟರ್ ಹೊರಗೆ ಬಿಡುತ್ತದೆ. ಅಲ್ಲಿಗೆ ವಾರಕ್ಕೆ 120 ಲೀಟರ್. ಅಮ್ಮ ಆ ನೀರನ್ನೆಲ್ಲ ಬಕೆಟ್‌ಗಳಲ್ಲಿ ಹಿಡಿದು ನೆಲ ಒರೆಸಲು, ಬಾತ್‌ರೂಮ್ ತೊಳೆಯಲು ಬಳಸುತ್ತಿದ್ದಳು. ಆದರೂ ಬಕೆಟ್‌ಗಳು ತುಂಬಿ ಹರಿಯುತ್ತಿದ್ದವು. "ಮೀನಿಗೆ ಕುಡಿಯೋಕೆ ಇಷ್ಟೊಂದು ನೀರು ಬೇಕೇನೇ?" ಎಂದು ಕೇಳುತ್ತಿದ್ದಳು. ತೊಟ್ಟಿಯಿಂದ ತೆಗೆದ ಹಳೇ ನೀರು ಉಪ್ಪು. ಅದನ್ನು ಒಂದು ಗಿಡಕ್ಕೂ ಹಾಕುವಂತಿಲ್ಲ. ಸೀದಾ ಮೋರಿಗೆ.

ಆಮೇಲೆ 2024ರ ಬೇಸಿಗೆ ಬಂತು.

ಬೆಂಗಳೂರಿನಲ್ಲಿ ಇದ್ದವರು ಅದನ್ನು ಮರೆತಿರಲಾರರು. ಬೋರ್‌ವೆಲ್‌ಗಳು ಒಂದೊಂದಾಗಿ ಬತ್ತಿದವು. ಟ್ಯಾಂಕರ್‌ಗೆ ಫೋನ್ ಮಾಡಿದರೆ ನಾಳೆ ಅನ್ನುತ್ತಿದ್ದರು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಮಾತ್ರ ನೀರು. ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆಯುವುದನ್ನು, ಕೈತೋಟಕ್ಕೆ ಹಾಯಿಸುವುದನ್ನು, ಕಾರಂಜಿಗೆ ಬಿಡುವುದನ್ನು ನಿಷೇಧಿಸಿತು. ತಪ್ಪಿದರೆ 5000 ರೂಪಾಯಿ ದಂಡ. ಮೀನಿನ ತೊಟ್ಟಿಯ ಬಗ್ಗೆ ಆ ಆದೇಶದಲ್ಲಿ ಏನೂ ಇರಲಿಲ್ಲ. ಆದರೆ ನನ್ನ ಅಡುಗೆಮನೆಯ ಮೂಲೆಯಲ್ಲಿ ಆರ್‌ಓ ಪೈಪು ತೊಟ್ಟಿಕ್ಕುತ್ತಿತ್ತು. ನಮಗೆ ಬರುವ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಬರುತ್ತದೆ. ಮೂರು ಹಂತದಲ್ಲಿ ಪಂಪ್ ಮಾಡಿ, ಸುಮಾರು 500 ಮೀಟರ್ ಮೇಲಕ್ಕೆ ಎತ್ತಿ ತರುತ್ತಾರೆ. ಅಂಥ ಸಿಹಿನೀರನ್ನು ಹಿಡಿದು, ಮುಕ್ಕಾಲು ಪಾಲು ಹೊರಗೆ ಬಿಟ್ಟು, ಉಳಿದದ್ದಕ್ಕೆ ಉಪ್ಪು ಹಾಕುತ್ತಿದ್ದೆ. ಆ ಯೋಚನೆ ಒಂದು ಸಲ ತಲೆಗೆ ಹೊಕ್ಕ ಮೇಲೆ ಮತ್ತೆ ಹೊರಗೆ ಹೋಗಲಿಲ್ಲ.

ಅದೇ ವರ್ಷ ಏಪ್ರಿಲ್‌ನಲ್ಲಿ ಜಗತ್ತಿನ ಹವಳಗಳು ನಾಲ್ಕನೇ ಸಲ ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಳ್ಳುತ್ತಿವೆ ಎಂದು ಅಮೆರಿಕದ ಸಾಗರ ಮತ್ತು ಹವಾಮಾನ ಸಂಸ್ಥೆ ಎನ್‌ಓಎಎ ಪ್ರಕಟಿಸಿತು. ಲಕ್ಷದ್ವೀಪದಲ್ಲೂ ಹವಳ ಬಿಳಿಚಿದೆ ಎಂದು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಹೇಳಿದರು. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಗಳು ವಾಸ ಮಾಡುತ್ತವೆ. ಬೆಳಕಿನಿಂದ ಅವು ಆಹಾರ ಮಾಡಿ ಹವಳಕ್ಕೆ ಕೊಡುತ್ತವೆ. ಹವಳದ ಬಣ್ಣದಲ್ಲಿ ಹೆಚ್ಚಿನ ಪಾಲು ಅವುಗಳದ್ದೇ. ನೀರು ಮಾಮೂಲಿಗಿಂತ ಒಂದೆರಡು ಡಿಗ್ರಿ ಬಿಸಿಯಾಗಿ ವಾರಗಟ್ಟಲೆ ಹಾಗೇ ಉಳಿದರೆ ಹವಳ ಆ ಪಾಚಿಯನ್ನು ಹೊರಗೆ ಹಾಕುತ್ತದೆ. ಆಗ ಒಳಗಿನ ಬಿಳಿ ಸುಣ್ಣದ ಗೂಡು ಕಾಣುತ್ತದೆ. ನೀರು ಬೇಗ ತಣಿದರೆ ಬದುಕುತ್ತದೆ, ಇಲ್ಲವಾದರೆ ಹಸಿದು ಸಾಯುತ್ತದೆ. ಹೊರಗೆ ಬೆಂಗಳೂರು 38 ಡಿಗ್ರಿ ದಾಟಿದ್ದ ದಿನ ನನ್ನ ಚಿಲ್ಲರ್ ಬೆಳಿಗ್ಗೆಯಿಂದ ಒಂದು ನಿಮಿಷವೂ ನಿಂತಿರಲಿಲ್ಲ. ಹಾಲ್‌ನ ತುಂಬ ಅದರ ಬಿಸಿಗಾಳಿ. ತೊಟ್ಟಿಯೊಳಗೆ 26 ಡಿಗ್ರಿ. ಕಡಲಿನ ಹವಳಕ್ಕೆ ಚಿಲ್ಲರ್ ಇಲ್ಲ. ನನ್ನ ತೊಟ್ಟಿಯ ಹವಳ ಅದಕ್ಕೆ ಯಾವ ರೀತಿಯಲ್ಲೂ ನೆರವಾಗುತ್ತಿರಲಿಲ್ಲ.

ಇನ್ನೊಂದು ವಿಷಯವೂ ಇದೆ, ನನಗೆ ಅದು ಎಲ್ಲಕ್ಕಿಂತ ದೊಡ್ಡದು. ತೊಟ್ಟಿಯ ಮುಂದೆ ಸುಮ್ನೆ ಕೂರುವ ಹೊತ್ತು ಕಡಿಮೆಯಾಗುತ್ತ ಬಂದಿತ್ತು. ಆಫೀಸಿನಿಂದ ಬಂದ ಮೇಲೆ ಕ್ಷಾರೀಯತೆಯ ಟೆಸ್ಟ್ ಕಿಟ್, ಆಮೇಲೆ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್, ಆಮೇಲೆ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್‌ನ ಬಟ್ಟಲು ತೊಳೆಯುವುದು. ಒಂದು ಜೋಯಾಂಥಿಡ್ ಮುಚ್ಚಿಕೊಂಡಿದ್ದರೆ ಅದು ಯಾಕೆ ಅಂತ ಹುಡುಕುವುದು. ಮೀನು ನೋಡಿದರೆ ಮೀನು ಕಾಣುತ್ತಿರಲಿಲ್ಲ, ರೋಗದ ಲಕ್ಷಣ ಇದೆಯಾ ಅನ್ನುವುದು ಕಾಣುತ್ತಿತ್ತು. ಚಿಕ್ಕವಳಿದ್ದಾಗ ಅಪ್ಪ ಕಸ್ತೂರ್‌ಬಾ ರಸ್ತೆಯ ಸರ್ಕಾರಿ ಅಕ್ವೇರಿಯಂಗೆ ಕರೆದುಕೊಂಡು ಹೋಗುತ್ತಿದ್ದರು. ಗಾಜಿಗೆ ಮೂಗು ಒತ್ತಿ ನಿಂತರೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಅದು.

ಹಾಗಾದರೆ ತೊಟ್ಟಿಯೇ ಬೇಡ ಅಂತ ಬಿಡಬಹುದಿತ್ತು. ಬಿಡಲು ಮನಸ್ಸಿರಲಿಲ್ಲ. ಇಷ್ಟು ದಿನ ಮೀನು ಆರಿಸಿ, ಅದಕ್ಕೆ ಬೇಕಾದ ನೀರು ಮಾಡುತ್ತಿದ್ದೆ. ಈಗ ಮನೆಗೆ ಯಾವ ನೀರು ಬರುತ್ತದೆ ಅಂತ ನೋಡಿ, ಅದರಲ್ಲಿ ಸುಖವಾಗಿರುವ ಮೀನು ಆರಿಸೋಣ ಅಂದುಕೊಂಡೆ.

ರೀಫ್ ಬಿಚ್ಚುವುದು ಅವಸರದ ಕೆಲಸವಲ್ಲ. ಮೊದಲು ಪ್ರಾಣಿಗಳಿಗೆ ಮನೆ ಹುಡುಕಬೇಕು. ಕ್ಲೌನ್ ಮೀನುಗಳು ಸಾಕಿದ ತೊಟ್ಟಿಯಲ್ಲಿ 20 ವರ್ಷಕ್ಕೂ ಮೇಲೆ ಬದುಕಬಲ್ಲವು. ಅವನ್ನು ಯಾರಿಗೋ ಕೊಟ್ಟು ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಜಯನಗರದ ಗೆಳೆಯರೊಬ್ಬರ ಬಳಿ ನನ್ನದಕ್ಕಿಂತ ದೊಡ್ಡ, ಹಳೆಯ ರೀಫ್ ಇದೆ. ಜೋಡಿಯನ್ನು ಬೇರೆ ಮಾಡಬಾರದು ಅನ್ನುವ ಒಂದೇ ಷರತ್ತು ಹಾಕಿದೆ. ಸೀಗಡಿಯೂ ಅಲ್ಲಿಗೇ ಹೋಯಿತು. ಹವಳಗಳನ್ನು ಇಬ್ಬರು ಮೂವರು ಹಂಚಿಕೊಂಡರು. ಜೋಯಾಂಥಿಡ್‌ಗಳನ್ನು ಕೀಳುವಾಗ ಕೈಗವಸು, ಕನ್ನಡಕ ಎರಡನ್ನೂ ಹಾಕಿಕೊಳ್ಳಿ. ಅವುಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಭಾರೀ ವಿಷ ಇರುತ್ತದೆ. ಅವು ಅಂಟಿಕೊಂಡಿರುವ ಕಲ್ಲನ್ನು ಯಾವ ಕಾರಣಕ್ಕೂ ಕುದಿಸಬೇಡಿ, ಬಿಸಿನೀರು ಸುರಿಯಬೇಡಿ. ಆ ಹಬೆಯನ್ನು ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳು ಬೇರೆ ದೇಶಗಳಲ್ಲಿ ನಡೆದಿವೆ.

ಲೈವ್ ರಾಕ್, ಅಂದರೆ ಸಣ್ಣ ಜೀವಿಗಳು ಮನೆ ಮಾಡಿರುವ ಕಡಲ ಕಲ್ಲು, ಅದನ್ನೂ ಗೆಳೆಯರಿಗೇ ಕೊಟ್ಟೆ, ಒದ್ದೆಯಾಗಿರುವಾಗಲೇ. ಅದನ್ನು ಸಿಹಿನೀರಿಗೆ ಹಾಕಿದರೆ ಒಳಗಿರುವ ಹುಳ, ಸ್ಪಂಜು, ಬ್ಯಾಕ್ಟೀರಿಯಾ ಎಲ್ಲ ಸತ್ತು ಕೊಳೆಯುತ್ತವೆ. ತಳದ ಅರಗೊನೈಟ್ ಮರಳನ್ನೂ ತೆಗೆಯಲೇಬೇಕು. ಅದು ಸುಣ್ಣದಂಶದ ಮರಳು, ನಿಧಾನವಾಗಿ ಕರಗಿ ನೀರನ್ನು ಗಡುಸು ಮಾಡುತ್ತದೆ. ಗಾಜನ್ನು, ಪೈಪುಗಳನ್ನು ವಿನೆಗರ್ ಹಾಕಿ ತೊಳೆದರೆ ಅಂಟಿಕೊಂಡಿರುವ ನೇರಳೆ ಪಾಚಿಯ ಹೊರಪದರ ಬಿಡುತ್ತದೆ. ಪಂಪ್ ಉಳಿಸಿಕೊಂಡೆ. ಸ್ಕಿಮ್ಮರ್ ಮಾರಿದೆ, ಸಿಹಿನೀರಿನಲ್ಲಿ ಅದು ನಡೆಯುವುದಿಲ್ಲ. ಉಪ್ಪುನೀರಿನಲ್ಲಿ ಗುಳ್ಳೆಗಳು ಸಣ್ಣಗೆ ಬಿಡಿಬಿಡಿಯಾಗಿ ಉಳಿಯುತ್ತವೆ, ಕೊಳೆ ಅವಕ್ಕೆ ಅಂಟಿ ಮೇಲೆ ನೊರೆಯಾಗಿ ಬರುತ್ತದೆ. ಸಿಹಿನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ಸೇರಿ ದೊಡ್ಡದಾಗಿ ಒಡೆದುಹೋಗುತ್ತವೆ. ಚಿಲ್ಲರ್, ಕ್ಯಾಲ್ಸಿಯಂನಂಥವನ್ನು ಅಳೆದು ಹಾಕುವ ಡೋಸಿಂಗ್ ಪಂಪ್, ಅಲೆ ಎಬ್ಬಿಸುವ ಪಂಪ್ ಎಲ್ಲ ಹೋದವು. ಹಳೇ ಲೈಟಿನಲ್ಲಿ ನೀಲಿ ತಗ್ಗಿಸಿ ಬಿಳಿ ಏರಿಸುವ ಸೌಲಭ್ಯ ಇತ್ತು, ಗಿಡಗಳಿಗೆ ಅದು ಸಾಕಾಯಿತು.

ಹೊಸ ತೊಟ್ಟಿ ಶುರುವಾದದ್ದು ಮಣ್ಣಿನಿಂದ. ಗೊಬ್ಬರ, ಔಷಧಿ ಹಾಕದ ಕೆಂಪು ಮಣ್ಣನ್ನು ಜರಡಿ ಹಿಡಿದು ಎರಡು ಬೆರಳು ದಪ್ಪ ಹರಡಿದೆ. ಅದರ ಮೇಲೆ ತೊಳೆದ ದಪ್ಪ ಮರಳು ಅಷ್ಟೇ ದಪ್ಪ. ಗಿಡಗಳ ಬೇರಿಗೆ ಮಣ್ಣಿನಿಂದ ಊಟ, ಮೀನಿನ ಕಸದಿಂದ ಊಟ. ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರ್ ಇಲ್ಲ. ಮೊದಲ ದಿನವೇ ಒತ್ತಾಗಿ ಗಿಡ ನೆಡಬೇಕು, ಜಾಗ ಬಿಟ್ಟರೆ ಆ ಜಾಗ ಪಾಚಿಗೆ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಕ್ರಿಪ್ಟೋಕೊರೈನ್ ನೆಟ್ಟೆ. ಕ್ರಿಪ್ಟೋಕೊರೈನ್‌ನ ಕೆಲವು ಬಗೆಗಳು ನಮ್ಮ ಪಶ್ಚಿಮ ಘಟ್ಟದ ಹೊಳೆಗಳ ಅಂಚಿನಲ್ಲಿ ತಾವಾಗಿ ಬೆಳೆಯುತ್ತವೆ. ಜಾಗ ಬದಲಾದರೆ ಈ ಗಿಡ ಎಲೆಗಳನ್ನೆಲ್ಲ ಕರಗಿಸಿಬಿಡುತ್ತದೆ. ಕಿತ್ತು ಎಸೆಯದೆ ಬೇರು ಹಾಗೇ ಬಿಟ್ಟರೆ ಕೆಲವು ವಾರಗಳಲ್ಲಿ ಮತ್ತೆ ಚಿಗುರುತ್ತದೆ.

ಮೀನಿಗೆ ಮಾತ್ರ ಕಾಯಬೇಕು. ಇದು ರೀಫ್‌ನಲ್ಲೂ ಒಂದೇ, ಸಿಹಿನೀರಿನಲ್ಲೂ ಒಂದೇ. ಮೀನಿನ ಕಸದಿಂದ ಬರುವ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡುತ್ತವೆ, ಬೇರೆ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಮೊದಲೆರಡೂ ವಿಷ. ಗಿಡಗಳು ಅಮೋನಿಯಾವನ್ನು ನೇರವಾಗಿಯೂ ಹೀರುತ್ತವೆ, ಹಾಗಾಗಿ ಗಿಡದ ತೊಟ್ಟಿ ಬೇಗ ಹದಕ್ಕೆ ಬರುತ್ತದೆ. ಒಬ್ಬರ ಹಳೇ ಸಿಹಿನೀರಿನ ಫಿಲ್ಟರ್‌ನಿಂದ ಒಂದು ತುಂಡು ಸ್ಪಂಜು ತಂದು ಹಾಕಿದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲಷ್ಟೇ ಮೀನು ತಂದೆ.

ಯಾವ ಮೀನು ಅನ್ನುವುದನ್ನು ಬೆಂಗಳೂರಿನ ಹವೆಯೇ ಹೇಳಿಕೊಟ್ಟಿತು. ಇಲ್ಲಿ ಡಿಸೆಂಬರ್ ರಾತ್ರಿ ತಣ್ಣಗಿರುತ್ತದೆ. ಡಿಸ್ಕಸ್‌ನಂಥ ಮೀನಿಗೆ 28 ಡಿಗ್ರಿ ಬೇಕು, ಹೀಟರ್ ಬೇಕು. ರೋಸಿ ಬಾರ್ಬ್‌ಗೆ 18ರಿಂದ 22 ಡಿಗ್ರಿಯೇ ಹಿತ, ಅದಕ್ಕಿಂತ ಸ್ವಲ್ಪ ಜಾಸ್ತಿಯಾದರೂ ತಡೆಯುತ್ತದೆ. ಜೀಬ್ರಾ ಡ್ಯಾನಿಯೋ ಕೂಡ ಹಾಗೇ. ಎರಡೂ ನಮ್ಮ ದೇಶದ ಮೀನುಗಳು. ಜೀಬ್ರಾ ಡ್ಯಾನಿಯೋ ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಇದೆ. ಗಾಯವಾದ ತನ್ನ ಹೃದಯವನ್ನು ಮತ್ತೆ ಬೆಳೆಸಿಕೊಳ್ಳುವ ಶಕ್ತಿ ಈ ಎರಡಿಂಚಿನ ಮೀನಿಗಿದೆ. ನಾನು ತಂದವು ಫಾರ್ಮ್‌ನಲ್ಲಿ ಹುಟ್ಟಿದ ಮೀನುಗಳು. ಚೆನ್ನೈನ ಕೊಳತ್ತೂರು ಕಡೆ, ಕೋಲ್ಕತ್ತಾ ಕಡೆ ಇದೇ ಕಸುಬಿನಲ್ಲಿ ಬದುಕುವ ಎಷ್ಟೋ ಕುಟುಂಬಗಳಿವೆ. ಘಟ್ಟದ ಹೊಳೆಗಳಿಂದ ಹಿಡಿದು ತಂದ ಮೀನು ನನಗೆ ಬೇಡ. ಕೇರಳದ ಕಡೆಯ ಕೆಂಪು ಗೆರೆಯ ಡೆನಿಸನ್ ಬಾರ್ಬ್ ಅಕ್ವೇರಿಯಂ ವ್ಯಾಪಾರಕ್ಕೆ ಸಿಕ್ಕು ಎಷ್ಟು ಕಡಿಮೆಯಾಗಿದೆ ಅಂದರೆ, ಅಳಿವಿನಂಚಿನ ಪಟ್ಟಿಗೆ ಸೇರಿದೆ.

ನಮಗೆ ಬರುವುದು ಕಾವೇರಿ ನೀರು, ಅಷ್ಟೇನೂ ಗಡುಸಲ್ಲ. ಕ್ಲೋರಿನ್ ಹೋಗಲು ಒಂದು ದಿನ ಬಕೆಟ್‌ನಲ್ಲಿ ತೆರೆದಿಟ್ಟು ಹಾಕುತ್ತೇನೆ. ನಿಮ್ಮಲ್ಲಿ ಬೋರ್‌ವೆಲ್ ನೀರಾದರೆ, ಪಾತ್ರೆಗೆಲ್ಲ ಬಿಳಿ ಕಲೆ ಕೂರುವಂಥ ಗಡುಸು ನೀರಾದರೆ, ಬೇಸರ ಬೇಡ. ಗಪ್ಪಿ, ಮಾಲಿ, ಪ್ಲ್ಯಾಟಿ ಮೀನುಗಳಿಗೆ ಅಂಥ ನೀರೇ ಇಷ್ಟ. ಹತ್ತು ಸಾವಿರ ಕೊಟ್ಟು ನೀರು ಮೆದು ಮಾಡುವ ಬದಲು ಗಪ್ಪಿ ತನ್ನಿ.

ಕೆಲಸವೇ ಇಲ್ಲ ಅಂತ ಅಲ್ಲ. ವಾರಕ್ಕೊಮ್ಮೆ 20 ಲೀಟರ್ ತೆಗೆದು ಹೊಸ ನೀರು ಹಾಕುತ್ತೇನೆ, ಬೆಳೆದ ಗಿಡ ಕತ್ತರಿಸುತ್ತೇನೆ, ಗಾಜು ಒರೆಸುತ್ತೇನೆ. ತೆಗೆದ ನೀರಿಗೆ ಅಮ್ಮ ಕಾದಿರುತ್ತಾಳೆ. ನೈಟ್ರೇಟ್ ಇರುವ ಆ ನೀರು ಬಾಲ್ಕನಿಯ ಕರಿಬೇವು, ತುಳಸಿ, ದೊಡ್ಡಪತ್ರೆ ಕುಂಡಗಳಿಗೆ ಹೋಗುತ್ತದೆ. ಕರಿಬೇವು ಹೀಗೆ ಚಿಗುರಿದ್ದನ್ನು ನಾನು ಮೊದಲು ನೋಡಿರಲಿಲ್ಲ. ಒಂದು ಹನಿಯೂ ಮೋರಿಗೆ ಹೋಗುವುದಿಲ್ಲ. ಕರೆಂಟ್ ಹೋದರೆ ಎದೆ ಹೊಡೆದುಕೊಳ್ಳುವುದಿಲ್ಲ. ಹೋದ ದೀಪಾವಳಿಗೆ ಎಲ್ಲರೂ ಊರಿಗೆ ಹೋಗಿ ನೆಮ್ಮದಿಯಾಗಿ ಬಂದೆವು. ಆರೋಗ್ಯವಾಗಿರುವ ದೊಡ್ಡ ಮೀನುಗಳು ನಾಲ್ಕೈದು ದಿನ ಊಟ ಇಲ್ಲದೆ ಇರಬಲ್ಲವು.

ರೀಫ್ ಇಲ್ಲದ ಕೊರತೆ ಕಾಡುತ್ತದೆ. ಆ ಹೊಳಪು ಗಿಡದ ತೊಟ್ಟಿಯಲ್ಲಿ ಬರುವುದಿಲ್ಲ. ಬಾರ್ಬ್‌ಗಳ ಹಸಿರು, ತಾಮ್ರದ ಬಣ್ಣ ನಿಧಾನವಾಗಿ ಕಣ್ಣಿಗೆ ಹತ್ತುವಂಥದ್ದು. ಮಳೆಗಾಲ ಮುಗಿದ ಮೇಲೆ ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿದ್ದೆ. ನಮ್ಮ ರಾಜ್ಯದ ಕಡಲಿನಲ್ಲಿ ಹವಳ ನೋಡಬೇಕೆನ್ನುವವರು ಹೆಚ್ಚಾಗಿ ಹೋಗುವುದು ಅಲ್ಲಿಗೇ. ನೀರು ಅಷ್ಟೇನೂ ತಿಳಿಯಾಗಿರಲಿಲ್ಲ. ಬಂಡೆಯ ಮೇಲೆ ಮಂಕು ಬಣ್ಣದ ಹವಳ, ಅದರ ಸುತ್ತ ಬಟರ್‌ಫ್ಲೈ ಮೀನುಗಳು. ನನ್ನ ತೊಟ್ಟಿಯ ಹವಳದಷ್ಟು ಬಣ್ಣ ಅದಕ್ಕಿರಲಿಲ್ಲ, ಆದರೆ ಯಾರೂ ಅದಕ್ಕೆ ಕ್ಯಾಲ್ಸಿಯಂ ಅಳೆದು ಹಾಕುತ್ತಿರಲಿಲ್ಲ. ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸಿದ್ದೇನೆ. ಉಪ್ಪು, ರೆಸಿನ್, ಟೆಸ್ಟ್ ಕಿಟ್‌ಗೆ ಹೋಗುತ್ತಿದ್ದ ದುಡ್ಡು ಆ ಪ್ರಯಾಣಕ್ಕೆ ಧಾರಾಳವಾಗಿ ಸಾಕು.

ರೀಫ್ ಇಟ್ಟುಕೊಂಡಿರುವ ಗೆಳೆಯರಿಗೆ ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಜಯನಗರದ ಗೆಳೆಯರ ಮನೆಯಲ್ಲಿ ಮಳೆನೀರು ಕೊಯ್ಲು ಇದೆ. ವಿಶ್ರಾಂತ ಜೀವನ, ಹಗಲೆಲ್ಲ ಮನೆಯಲ್ಲೇ ಇರುತ್ತಾರೆ. ಅಂಥವರ ಕೈಯಲ್ಲಿ ರೀಫ್ ಚೆನ್ನಾಗಿರುತ್ತದೆ. ಹೊಸದಾಗಿ ಶುರುಮಾಡುವವರಿಗೆ ಮಾತ್ರ, ಅದರಲ್ಲೂ ಟ್ಯಾಂಕರ್ ನೀರಿನ ಮೇಲೆ ಬದುಕುವ ಅಪಾರ್ಟ್‌ಮೆಂಟಿನವರಿಗೆ, ಸಿಹಿನೀರಿನಿಂದಲೇ ಶುರುಮಾಡಿ ಅಂತ ಖಂಡಿತವಾಗಿ ಹೇಳುತ್ತೇನೆ. ಮತ್ತೆ, ಬೇಡವಾದ ಮೀನನ್ನು ಕೆರೆಗೆ ಬಿಡಬೇಡಿ. ಪುಣ್ಯ ಬರುತ್ತದೆ ಅಂದುಕೊಂಡು ಬಿಟ್ಟ ಸಕ್ಕರ್ ಮೀನುಗಳು ನಮ್ಮ ಕೆರೆಗಳಲ್ಲಿ ಬೆಳೆದು ಊರಿನ ಮೀನುಗಳ ಜಾಗ ಕಿತ್ತುಕೊಳ್ಳುತ್ತಿವೆ.

ನನ್ನ ರೋಸಿ ಬಾರ್ಬ್‌ಗಳು ಈಗ ಮರಿ ಮಾಡಿವೆ. ಬೆಳಗಿನ ಹೊತ್ತು ಗಿಡಗಳ ನಡುವೆ ಮೊಟ್ಟೆ ಚೆಲ್ಲಿ, ಸಿಕ್ಕಷ್ಟನ್ನು ತಾವೇ ತಿಂದುಬಿಡುತ್ತವೆ. ಹೈಡ್ರಿಲ್ಲಾ ಒತ್ತಾಗಿದ್ದರಿಂದ ಒಂದಷ್ಟು ಉಳಿದಿವೆ. ಸೂಜಿಯಷ್ಟಿದ್ದವು ಈಗ ಉಗುರಿನಷ್ಟಾಗಿವೆ. ಎಲ್ಲವನ್ನೂ ಇಟ್ಟುಕೊಳ್ಳಲು ನನ್ನ ತೊಟ್ಟಿ ಸಾಲದು. ಬೆಂಗಳೂರಿನಲ್ಲಿ ಯಾರಿಗಾದರೂ ಬೇಕಿದ್ದರೆ ಕೊಡುತ್ತೇನೆ, ದುಡ್ಡು ಬೇಡ. ಕಡೇಪಕ್ಷ ಮೂರಡಿ ಉದ್ದದ, ಹದಕ್ಕೆ ಬಂದ ತೊಟ್ಟಿ ಇರಬೇಕು. ಗುಂಪಿನ ಮೀನು, ಆರಕ್ಕಿಂತ ಕಡಿಮೆ ಕೊಡುವುದಿಲ್ಲ. ಕೇಳುವ ಮೊದಲು ನಿಮ್ಮ ಮನೆಯ ನೀರಿನ ಟಿಡಿಎಸ್ ಎಷ್ಟಿದೆ ಅಂತ ಒಮ್ಮೆ ನೋಡಿಕೊಳ್ಳಿ. ಸಾವಿರದ ಹತ್ತಿರ ಇದ್ದರೆ ಅದನ್ನೂ ಬರೆಯಿರಿ, ಗಪ್ಪಿ ಸಾಕುವ ಒಬ್ಬರನ್ನು ಪರಿಚಯ ಮಾಡಿಸುತ್ತೇನೆ.